ಯಂತ್ರಕ್ಕೆ ಸಾಲವುಂಟು, ಮಾಲಿಗೆ ಇಲ್ಲ

ಮಾನ್ಯ ಸಂಪಾದಕರೇ,

ಸ್ವಉದ್ಯೋಗಕ್ಕೆ ಕೇಂದ್ರ ಸರ್ಕಾರದ ಸಾಲ ಎಂದ ಕೂಡಲೇ ನಮ್ಮ ಕಡೆ ಮೊದಲು ಬರುವ ಪ್ರಶ್ನೆ, ‘ಸಬ್ಸಿಡಿ ಎಷ್ಟು?’ ಬ್ಯಾಂಕಿನವರು, ಕೈಗಾರಿಕಾ ಕೇಂದ್ರದವರು, ಮಷಿನ್ ಮಾರುವ ಡೀಲರ್, ಎಲ್ಲರೂ ಆ ಪ್ರಶ್ನೆಗೇ ಉತ್ತರ ಕೊಡುತ್ತಾರೆ. ಕಚ್ಚಾ ಮಾಲು ಖರೀದಿಗೆ ಎಷ್ಟು ರೊಕ್ಕ ಬೇಕು, ಅದು ಯಾವ ಖಾತೆಯಲ್ಲಿ ಬರುತ್ತದೆ, ಯಾವ ತಿಂಗಳು ಕೈಗೆ ಸಿಗುತ್ತದೆ ಎಂದು ಕೇಳುವವರು ಕಡಿಮೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಸಾಲ ಎತ್ತಿ ಶುರುವಾದ ಖಾರಪುಡಿ, ರೊಟ್ಟಿ, ಹೊಲಿಗೆ, ಲೇಥ್ ಘಟಕಗಳು ಮುಗ್ಗರಿಸುವುದು ಬಹುತೇಕ ಇದೇ ಜಾಗದಲ್ಲಿ. ಯಂತ್ರ ಕೆಟ್ಟು ನಿಂತ ಘಟಕಕ್ಕಿಂತ, ಯಂತ್ರ ಹೊಸದರಂತೆ ಹೊಳೆಯುತ್ತಿದ್ದರೂ ಹಾಕಲು ಮಾಲಿಲ್ಲದೆ ನಿಂತ ಘಟಕವೇ ಹೆಚ್ಚು. ಯೋಜನಾ ವರದಿ ಮತ್ತು ಲೆಕ್ಕಪತ್ರದ ಕೆಲಸ ಮಾಡುವ ನಾವು ಕೆಲವರು ಈ ಪತ್ರ ಬರೆಯುತ್ತಿರುವುದು ಯೋಜನೆಗಳನ್ನು ಹೊಗಳಲೂ ಅಲ್ಲ, ತೆಗಳಲೂ ಅಲ್ಲ. ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಹೇಳಲು.

ಎಲ್ಲರ ಬಾಯಲ್ಲಿರುವ ಪಿಎಂಇಜಿಪಿಯನ್ನೇ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ತೆಗೆದುಕೊಳ್ಳೋಣ. 2008ರಿಂದ ಇರುವ ಯೋಜನೆ. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚಕ್ಕೆ ಅವಕಾಶವಿದೆ. ಸಾಮಾನ್ಯ ವರ್ಗದ ಪುರುಷರಿಗೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25 ಸಬ್ಸಿಡಿ. ಸ್ವಂತ ಪಾಲು ಶೇ 10. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರಿಗೆ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಸ್ವಂತ ಪಾಲು ಶೇ 5 ಸಾಕು. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದರೆ ಮಾತ್ರ ಎಂಟನೇ ತರಗತಿ ಪಾಸಾಗಿರಬೇಕು. ಗಂಡ-ಹೆಂಡತಿ ಇಬ್ಬರಲ್ಲಿ ಒಬ್ಬರಿಗಷ್ಟೇ ಸಿಗುತ್ತದೆ. ಹೊಸ ಘಟಕಕ್ಕೆ ಮಾತ್ರ. ಈಗಾಗಲೇ ಮನೆಯಲ್ಲಿ ಗಿರಣಿ ಇಟ್ಟುಕೊಂಡು ನಾಲ್ಕು ವರ್ಷದಿಂದ ದುಡಿಯುತ್ತಿರುವಾಕೆಗೆ ಇದರಲ್ಲಿ ಬಾಗಿಲಿಲ್ಲ. ಅನುಭವ ಇದ್ದವರನ್ನು ಹೊರಗಿಟ್ಟು ಹೊಸಬರಿಗೆ ಮಣೆ ಹಾಕುವ ಈ ನಿಯಮ ನಮಗಂತೂ ಅರ್ಥವಾಗಿಲ್ಲ.

ಇನ್ನು ಲೆಕ್ಕ. ಬ್ಯಾಡಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮಹಿಳೆಯೊಬ್ಬರು 10 ಲಕ್ಷದ ಖಾರಪುಡಿ ಘಟಕ ಹಾಕುತ್ತಾರೆ ಎನ್ನಿ. ಯಂತ್ರಗಳಿಗೆ 6 ಲಕ್ಷ, ಶೆಡ್ ಕೆಲಸಕ್ಕೆ 1 ಲಕ್ಷ, ಮಾಲಿಗೆ 3 ಲಕ್ಷ. ಸ್ವಂತ ಪಾಲು 50 ಸಾವಿರ, ಬ್ಯಾಂಕ್ ಸಾಲ 9.5 ಲಕ್ಷ, ಆ ಸಾಲಕ್ಕೆ ಮುಂದೆ ಜಮಾ ಆಗುವ ಸಬ್ಸಿಡಿ 3.5 ಲಕ್ಷ. ಕಾಗದದ ಮೇಲೆ ಬರೋಬ್ಬರಿ ಇದೆ. ಈಗ ಮಾಲಿನ 3 ಲಕ್ಷವನ್ನಷ್ಟೇ ನೋಡಿ. ಒಣಮೆಣಸಿನಕಾಯಿ ಕ್ವಿಂಟಲ್‌ಗೆ 20 ಸಾವಿರ ಎಂದಿಟ್ಟುಕೊಂಡರೆ 15 ಕ್ವಿಂಟಲ್ ಬರುತ್ತದೆ. ಗಂಟೆಗೆ 40 ಕಿಲೋ ಬೀಸುವ ಯಂತ್ರವನ್ನು ದಿನಕ್ಕೆ ಆರು ತಾಸು ಓಡಿಸಿದರೆ ಆ 15 ಕ್ವಿಂಟಲ್ ಒಂದು ವಾರಕ್ಕೆ ಮುಗಿಯಿತು. ಪುಡಿ ಅಂಗಡಿಗೆ ಹೋಗುವುದು ಉದ್ರಿ ಮೇಲೆ. ರೊಕ್ಕ ತಿರುಗಿ ಬರುವುದು ಬೇಗ ಎಂದರೂ 45 ದಿನಕ್ಕೆ. ಅಂದರೆ 6 ಲಕ್ಷದ ಯಂತ್ರ 45 ದಿನಗಳಲ್ಲಿ ಒಂದು ವಾರ ಓಡುತ್ತದೆ, ಉಳಿದ ದಿನ ನಿಂತಿರುತ್ತದೆ. ಕಂತು ಮಾತ್ರ ನಿಲ್ಲುವುದಿಲ್ಲ.

ತುಂಬು (ತೊಟ್ಟು) ಬಿಡಿಸಿ, ಕಸ-ಧೂಳು ಹೋಗಿ 15 ಕ್ವಿಂಟಲ್‌ನಿಂದ 1,350 ಕಿಲೋ ಪುಡಿ ಸಿಕ್ಕಿತೆನ್ನಿ. ಕೂಲಿ, ಕರೆಂಟು, ಪಾಕೀಟು, ಸಾಗಣೆ ಎಲ್ಲ ಕಳೆದು ಕಿಲೋಗೆ 25 ರೂಪಾಯಿ ಉಳಿದರೂ ಆ ಸುತ್ತಿಗೆ 33,750, ತಿಂಗಳಿಗೆ 22,500. ಬ್ಯಾಂಕು ಇಡೀ 9.5 ಲಕ್ಷವನ್ನು ಶೇ 11ರ ಬಡ್ಡಿಯಲ್ಲಿ ಐದು ವರ್ಷದ ಟರ್ಮ್ ಲೋನ್ (ಕಂತಿನ ಸಾಲ) ಮಾಡಿಬಿಟ್ಟರೆ, ಸಬ್ಸಿಡಿ ಲೆಕ್ಕಕ್ಕೆ ಹಿಡಿಯದೆ, ಕಂತು ಸುಮಾರು 20,650. ಮನೆಗೆ ಉಳಿಯುವುದು 1,850 ರೂಪಾಯಿ. ಇದೇ ಸಾಲವನ್ನು 6.5 ಲಕ್ಷ ಟರ್ಮ್ ಲೋನ್, 3 ಲಕ್ಷ ಕ್ಯಾಶ್ ಕ್ರೆಡಿಟ್ (ಸಿ.ಸಿ.: ಮಿತಿಯೊಳಗೆ ಬೇಕಾದಾಗ ತೆಗೆದು, ರೊಕ್ಕ ಬಂದಾಗ ತುಂಬುವ, ಬಳಸಿದಷ್ಟಕ್ಕೇ ಬಡ್ಡಿ ಬೀಳುವ ಖಾತೆ) ಎಂದು ಎರಡಾಗಿ ಕೊಟ್ಟಿದ್ದರೆ ಕಂತು ಸುಮಾರು 14,130, ಸಿ.ಸಿ. ಬಡ್ಡಿ ಪೂರಾ ಬಳಸಿದರೂ 2,750. ತಿಂಗಳಿಗೆ ಮೂರೂಮುಕ್ಕಾಲು ಸಾವಿರ ಉಳಿತಾಯ ಒಂದು ಕಡೆಗಿರಲಿ. ಮುಖ್ಯವಾದದ್ದು, ಮಾಲಿನ ಅಸಲು ಪ್ರತಿ ತಿಂಗಳು ಕಂತಿನಲ್ಲಿ ಕರಗಿ ಹೋಗದೆ ವ್ಯವಹಾರದಲ್ಲೇ ಉಳಿಯುತ್ತದೆ. ಟರ್ಮ್ ಲೋನ್ ಆದಾಗ ಮೊದಲ ವರ್ಷ 15 ಕ್ವಿಂಟಲ್ ಕೊಳ್ಳುತ್ತಿದ್ದವರು ಎರಡನೇ ವರ್ಷ 10ಕ್ಕೆ ಇಳಿಯುತ್ತಾರೆ, ಮೂರನೇ ವರ್ಷ ಬೇರೆಯವರ ಮೆಣಸಿನಕಾಯಿ ಕೂಲಿಗೆ ಬೀಸುತ್ತಾರೆ.

ಹಾಗಾದರೆ ಶಾಖೆಗಳು ಸಿ.ಸಿ. ಏಕೆ ಕೊಡುವುದಿಲ್ಲ? ಸಿ.ಸಿ. ಖಾತೆಗೆ ಸ್ಟಾಕ್ ಸ್ಟೇಟ್‌ಮೆಂಟ್ ತರಿಸಬೇಕು, ಡ್ರಾಯಿಂಗ್ ಪವರ್ (ಇರುವ ಮಾಲಿನ ಮೇಲೆ ಎಷ್ಟು ಹಣ ತೆಗೆಯಬಹುದು ಎಂಬ) ಲೆಕ್ಕ ಹಾಕಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗಾಗ ಹೋಗಿ ಮಾಲು ನೋಡಬೇಕು. 3 ಲಕ್ಷದ ಖಾತೆಗೆ ಇಷ್ಟು ಕೆಲಸ ಯಾರಿಗೆ ಬೇಕು? ಟರ್ಮ್ ಲೋನ್ ಆದರೆ ಒಮ್ಮೆ ಕೊಟ್ಟು ಕಂತು ಕಾಯ್ದರೆ ಮುಗಿಯಿತು. ಆದರೆ ಯೋಜನೆಯ ಮಾರ್ಗಸೂಚಿ ನೋಡಿದರೆ ಮಾಲಿನ ಹಣ ಸಿ.ಸಿ. ರೂಪದಲ್ಲೇ ಇರುತ್ತದೆ ಎಂದು ಹಿಡಿದೇ ಬರೆದಿದ್ದಾರೆ. ಸಬ್ಸಿಡಿ ಬ್ಯಾಂಕಿನಲ್ಲಿ ಠೇವಣಿಯಾಗಿರುವ ಮೂರು ವರ್ಷದ ಅವಧಿಯಲ್ಲಿ ಸಿ.ಸಿ. ಮಿತಿಯನ್ನು ಒಮ್ಮೆಯಾದರೂ ಪೂರ್ತಿ ಮುಟ್ಟಿರಬೇಕು, ಸರಾಸರಿ ಬಳಕೆ ಶೇ 75ಕ್ಕಿಂತ ಕೆಳಗಿರಬಾರದು. ಇಲ್ಲದಿದ್ದರೆ ಆ ಪ್ರಮಾಣದ ಸಬ್ಸಿಡಿ ವಾಪಸು. ಸಿ.ಸಿ. ಸಿಕ್ಕ ಕೆಲವರೂ ಈ ನಿಯಮ ಗೊತ್ತಿಲ್ಲದೆ, ‘ಬಡ್ಡಿ ಯಾಕೆ ಸುಮ್ಮನೆ’ ಎಂದು ಖಾತೆಯನ್ನು ಮುಟ್ಟದೆ ಬಿಟ್ಟು ಆಮೇಲೆ ಪೇಚಿಗೆ ಬೀಳುತ್ತಾರೆ. ಅರ್ಜಿ ಹಾಕುವವರು ಯೋಜನಾ ವರದಿಯಲ್ಲಿ ಮಾಲಿನ ಹಣವನ್ನು ಬೇರೆ ಸಾಲಿನಲ್ಲಿ ತೋರಿಸಿ, ಎದುರಿಗೆ ‘ಕ್ಯಾಶ್ ಕ್ರೆಡಿಟ್’ ಎಂದು ಬರೆಯಿಸಬೇಕು. ಮಂಜೂರಾತಿ ಪತ್ರ ಕೈಗೆ ಬಂದಾಗ ಮೊತ್ತ ನೋಡಿ ಖುಷಿಪಟ್ಟು ಮಡಚಿಡದೆ, ಎರಡು ಖಾತೆ ಇದೆಯೋ ಒಂದೇ ಇದೆಯೋ ನೋಡಬೇಕು. ಸಹಿ ಹಾಕುವ ಮುಂಚೆ ತಕರಾರು ಎತ್ತಿದರೆ ಸರಿಪಡಿಸಬಹುದು. ಹಣ ಬಟವಾಡೆ ಆದ ಮೇಲೆ ಆಗದು.

ಸಬ್ಸಿಡಿ ಕೈಗೆ ಬರುತ್ತದೆ ಎಂಬ ನಂಬಿಕೆಯೂ ತಪ್ಪು. ಅದು ಬ್ಯಾಂಕಿನಲ್ಲಿ ಸಾಲಗಾರರ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಅದಕ್ಕೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹಾಕುವಂತಿಲ್ಲ. ಮೂರು ವರ್ಷದ ನಂತರ ಸ್ಥಳ ಪರಿಶೀಲನೆ ಮಾಡಿ, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಮಾಡುತ್ತಾರೆ. ತೊಂದರೆ ಇರುವುದು ಸಾಲದ ಮೊದಲ ಕಂತು ಬಿಡುಗಡೆಯಾದ ದಿನಕ್ಕೂ ಸಬ್ಸಿಡಿ ಬಂದು ಠೇವಣಿಯಾಗುವ ದಿನಕ್ಕೂ ನಡುವಿನ ಅಂತರದಲ್ಲಿ. ಆ ಅವಧಿಯಲ್ಲಿ ಇಡೀ ಸಾಲಕ್ಕೆ ಬಡ್ಡಿ ಬೀಳುತ್ತದೆ. ಮೇಲಿನ ಉದಾಹರಣೆಯಲ್ಲಿ 3.5 ಲಕ್ಷದ ಮೇಲಿನ ಬಡ್ಡಿಯೇ ತಿಂಗಳಿಗೆ 3,200 ರೂಪಾಯಿ; ಆರು ತಿಂಗಳು ತಡವಾದರೆ 19 ಸಾವಿರ ಚಿಲ್ಲರೆ, ಹತ್ತಿರ ಹತ್ತಿರ ಒಂದು ಕ್ವಿಂಟಲ್ ಮೆಣಸಿನಕಾಯಿ. ತಡಕ್ಕೆ ಸಾಲಗಾರರ ಕಡೆಯಿಂದ ಆಗುವ ಕಾರಣ ಹೆಚ್ಚಾಗಿ ಒಂದೇ, ಉದ್ಯಮಶೀಲತಾ ತರಬೇತಿಯ ಪ್ರಮಾಣಪತ್ರ ಇಲ್ಲದಿರುವುದು. 2 ಲಕ್ಷದವರೆಗಿನ ಯೋಜನೆಗೆ ತರಬೇತಿ ಕಡ್ಡಾಯವಲ್ಲ, 5 ಲಕ್ಷದವರೆಗೆ 5 ದಿನ, ಅದಕ್ಕೂ ಮೇಲ್ಪಟ್ಟರೆ 10 ದಿನ. ಇಂಥ ತರಬೇತಿ ಕೊಡುವ ಸಂಸ್ಥೆಗಳ ಪೈಕಿ ಧಾರವಾಡದಲ್ಲೇ ಸಿಡಾಕ್‌ನ ಕೇಂದ್ರ ಕಚೇರಿ ಇದೆ, ರುಡ್‌ಸೆಟ್ ಸಂಸ್ಥೆ ಇದೆ. ಮಂಜೂರಾತಿ ಪತ್ರ ಬಂದ ವಾರವೇ ತರಬೇತಿಗೆ ಹೆಸರು ಹಚ್ಚಿದರೆ ನಂತರ ಬ್ಯಾಂಕಿನವರು ‘ನಿಮ್ಮದೇ ಕಾಗದ ಬಾಕಿ’ ಎನ್ನುವ ದಾರಿ ಮುಚ್ಚುತ್ತದೆ. ಬ್ಯಾಂಕಿನ ಕಡೆಯ ತಡಕ್ಕೆ ಮಾತ್ರ ಸಾಲಗಾರ ದಂಡ ತೆರುವುದು ನ್ಯಾಯವಲ್ಲ. ಬಟವಾಡೆಯಾದ ದಿನದಿಂದಲೇ ಸಬ್ಸಿಡಿ ಭಾಗಕ್ಕೆ ಬಡ್ಡಿ ಇಲ್ಲ ಎಂದು ಒಂದು ಸಾಲು ನಿಯಮದಲ್ಲಿ ಸೇರಿಸಿದರೆ ಸಾಕು, ಸಬ್ಸಿಡಿಗೆ ಬ್ಯಾಂಕುಗಳು ಹಾಕುವ ಕ್ಲೇಮ್‌ಗಳು ತಾವಾಗಿಯೇ ಬೇಗ ಹೋಗುತ್ತವೆ.

ಖಾರಪುಡಿಗೆ ಇನ್ನೊಂದು ಕಾಲದ ಲೆಕ್ಕವೂ ಇದೆ. ಬ್ಯಾಡಗಿ ಮಾರುಕಟ್ಟೆಗೆ ಆವಕ ಜೋರಾಗುವುದು ಜನವರಿಯಿಂದ ಏಪ್ರಿಲ್‌ವರೆಗೆ. ವರ್ಷದ ಮಾಲನ್ನು ಆಗಲೇ ಹಿಡಿದು ಕೋಲ್ಡ್ ಸ್ಟೋರೇಜಿಗೆ ಹಾಕಬೇಕು. ಹೊರಗಿಟ್ಟರೆ ಬಿಸಿಲು-ಬೆಳಕಿಗೆ ಬಣ್ಣ ಇಳಿಯುತ್ತದೆ, ಮಳೆಗಾಲದ ತಂಪಿಗೆ ಬೂಸ್ಟು ಹಿಡಿಯುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ, ಖಾರದಿಂದಲ್ಲ. ಆದರೆ ಬ್ಯಾಂಕುಗಳ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ. ಗುರಿ ಮುಟ್ಟಲು ಮಾರ್ಚ್ ಕೊನೆಗೆ ಮಂಜೂರಾತಿ, ಬಟವಾಡೆ ಮೇ-ಜೂನ್, ಯಂತ್ರ ಕೂತು ವಿದ್ಯುತ್ ಬರುವಷ್ಟರಲ್ಲಿ ಆಗಸ್ಟ್. ಹೊಸ ಘಟಕದವರು ಮೊದಲ ಖರೀದಿಯನ್ನೇ ಕೋಲ್ಡ್ ಸ್ಟೋರೇಜಿನ ಮಾಲಿನಲ್ಲಿ, ಬಾಡಿಗೆ-ಬಡ್ಡಿ ಸೇರಿದ ದರದಲ್ಲಿ ಮಾಡುತ್ತಾರೆ. ಜುಲೈನಲ್ಲಿ ಅರ್ಜಿ ಹಾಕಿ, ಡಿಸೆಂಬರ್‌ಗೆ ಯಂತ್ರ ಕೂರಿಸಿ, ಜನವರಿಗೆ ಸಿ.ಸಿ. ತೆರೆದಿರುವಂತೆ ನೋಡಿಕೊಂಡರೆ ಅರ್ಧ ಗೆದ್ದಂತೆ. ಒಂದೇ ಪೇಟೆ ದಿನ ಪೂರಾ ಹಣ ಸುರಿಯುವುದೂ ಬೇಡ. 2024ರ ಮಾರ್ಚ್‌ನಲ್ಲಿ ದರ ದಿಢೀರನೆ ಕುಸಿದು ರೈತರ ಸಿಟ್ಟಿಗೆ ಬ್ಯಾಡಗಿ ಎಪಿಎಂಸಿಯಲ್ಲಿ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಅಷ್ಟು ಏರಿಳಿತದ ಮಾಲಿಗೆ ವರ್ಷವಿಡೀ ಒಂದೇ ಮಿತಿಯ ಸಿ.ಸಿ. ಸಾಲದು. ಸುಗ್ಗಿಯ ನಾಲ್ಕು ತಿಂಗಳು ಮಿತಿ ಏರಿ, ಆಮೇಲೆ ಇಳಿಯುವ ಏರ್ಪಾಡು ದೊಡ್ಡ ಗಿರಣಿಗಳಿಗೆ ಹೊಸದೇನಲ್ಲ; ಸಣ್ಣವರಿಗೂ ಬೇಕು.

ಆಹಾರ ಘಟಕಗಳಿಗೆ ಇನ್ನೊಂದು ದಾರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆ ಪಿಎಂಎಫ್‌ಎಂಇ. 2020ರಲ್ಲಿ ಬಂದದ್ದು. ಯೋಜನೆಯ ಶೇ 35ಕ್ಕೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ. ನಡೆಯುತ್ತಿರುವ ಘಟಕಕ್ಕೂ ಸಿಗುತ್ತದೆ, ಜಾತಿ-ಲಿಂಗ-ಊರಿನ ಭೇದವಿಲ್ಲ. ಸ್ವಂತ ಪಾಲು ಕನಿಷ್ಠ ಶೇ 10. ಆದರೆ ಇಲ್ಲಿ ಸಬ್ಸಿಡಿ ಲೆಕ್ಕಕ್ಕೆ ಬರುವುದು ಯಂತ್ರ ಮತ್ತು ಅದಕ್ಕೆ ಬೇಕಾದ ಕಟ್ಟಡ ಕೆಲಸ ಮಾತ್ರ. ಕಟ್ಟಡದ್ದು ಶೇ 30 ಮೀರುವಂತಿಲ್ಲ. ಮಾಲಿನ ಹಣಕ್ಕೆ ಸಬ್ಸಿಡಿ ಇಲ್ಲ. ಮೇಲಿನ ಅದೇ ಘಟಕಕ್ಕೆ ಇಲ್ಲಿ 7 ಲಕ್ಷದ ಅರ್ಧ, 3.5 ಲಕ್ಷ ಬರುತ್ತದೆ. ಹಳ್ಳಿಯ ಮಹಿಳೆಗೆ ಎರಡೂ ಒಂದೇ. ಹುಬ್ಬಳ್ಳಿ ನಗರದೊಳಗಿನ ಸಾಮಾನ್ಯ ವರ್ಗದ ಪುರುಷನಿಗೆ ಮಾತ್ರ ಒಂದರಲ್ಲಿ 1.5 ಲಕ್ಷ, ಇನ್ನೊಂದರಲ್ಲಿ 3.5 ಲಕ್ಷ. ಈ ಹೋಲಿಕೆ ಮಾಡದೆ, ಯಾರೋ ಹೇಳಿದ ಯೋಜನೆಗೆ ಅರ್ಜಿ ಹಾಕುವವರೇ ಬಹಳ. ಇದರ ಅರ್ಜಿ ಮತ್ತು ಯೋಜನಾ ವರದಿಗೆ ಪ್ರತಿ ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರಿಗೆ ಸರ್ಕಾರವೇ ಹಣ ಕೊಡುತ್ತದೆ, ಅರ್ಜಿದಾರರು ಒಂದು ಪೈಸೆ ಕೊಡಬೇಕಿಲ್ಲ. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40 ಸಾವಿರದವರೆಗೆ ಬೀಜ ಬಂಡವಾಳವೂ ಇದರಲ್ಲೇ ಇದೆ, ಮಾಲಿಗೂ ಸಣ್ಣ ಸಲಕರಣೆಗೂ ಬಳಸಬಹುದು. ರೊಟ್ಟಿ, ಶೇಂಗಾ ಚಟ್ನಿ ಮಾಡುವ ಸಂಘಗಳಿಗೆ ನಮ್ಮ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತ್ಯಂತ ಉಪಯೋಗದ ಭಾಗ ಅದೇ.

ನಗರ-ಹಳ್ಳಿ ಭೇದದ ಬಗ್ಗೆ ಒಂದು ಮಾತು. ಪಿಎಂಇಜಿಪಿಯಲ್ಲಿ ಗ್ರಾಮ ಪಂಚಾಯಿತಿ ವ್ಯಾಪ್ತಿ ಎಂದರೆ ಹಳ್ಳಿ, ಪಾಲಿಕೆ-ನಗರಸಭೆ-ಪಟ್ಟಣ ಪಂಚಾಯಿತಿ ಎಂದರೆ ನಗರ. ಹೀಗಾಗಿ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಸೇರಿಹೋದ ಹಳೆಯ ಹಳ್ಳಿಗಳಲ್ಲಿ ಎಮ್ಮೆ ಕಟ್ಟಿಕೊಂಡು ಹೊಲ ಮಾಡುವವರೂ, ಗದಗ-ಬೆಟಗೇರಿ ನಗರಸಭೆಯ ನೇಕಾರ ಓಣಿಯವರೂ ನಗರದವರೇ. ಹತ್ತು ಲಕ್ಷದ ಯೋಜನೆಗೆ ಒಂದು ಲಕ್ಷ ಕಡಿಮೆ. ಶೆಡ್ ಬಾಡಿಗೆಗೆ ಹಿಡಿಯುವ ಮುಂಚೆ ಜಾಗ ಯಾವ ಸಂಸ್ಥೆಯ ಹದ್ದಿಯಲ್ಲಿದೆ ಎಂದು ನೋಡಿಕೊಳ್ಳಿ. ರಸ್ತೆಯ ಆಚೆ ಬದಿ ಹೋದರೆ ಶೇ 10 ಹೆಚ್ಚು ಸಿಗಬಹುದು. ಜಾಗದ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ತೋರಿಸುವಂತಿಲ್ಲ. ಬಾಡಿಗೆಯನ್ನು ಮೂರು ವರ್ಷದ ಮಟ್ಟಿಗೆ ತೋರಿಸಬಹುದು.

ಕೊಟೇಶನ್ ಏರಿಸುವ ದಂಧೆ ಬಗ್ಗೆ ಎಲ್ಲರಿಗೂ ಗೊತ್ತು, ಯಾರೂ ಬರೆಯುವುದಿಲ್ಲ. 4 ಲಕ್ಷದ ಯಂತ್ರಕ್ಕೆ 5.5 ಲಕ್ಷದ ಕೊಟೇಶನ್, ಮೇಲಿನ 1.5 ಲಕ್ಷದಲ್ಲಿ ಅರ್ಜಿದಾರನ ಸ್ವಂತ ಪಾಲು ‘ಅಡ್ಜಸ್ಟ್’. ಪುಗಸಟ್ಟೆ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ: ಶೇ 18 ಜಿಎಸ್‌ಟಿ ಇರುವ ಯಂತ್ರವಾದರೆ ಆ 1.5 ಲಕ್ಷದ ಮೇಲೆ 27 ಸಾವಿರ ತೆರಿಗೆ, ಐದು ವರ್ಷ ಬಡ್ಡಿ, ಮೇಲೆ ಡೀಲರ್‌ನ ಪಾಲು. ಮೂರು ವರ್ಷದ ನಂತರ ಪರಿಶೀಲನೆಗೆ ಬಂದವರು ಬಿಲ್ಲಿನಲ್ಲಿರುವ ಮಾಡೆಲ್ ಮತ್ತು ಸೀರಿಯಲ್ ನಂಬರ್ ಯಂತ್ರದ ಮೇಲೆ ಹುಡುಕುತ್ತಾರೆ. ಹೊಂದದಿದ್ದರೆ ಸಬ್ಸಿಡಿಗೆ ಕುತ್ತು, ಆಗ ಡೀಲರ್ ಫೋನ್ ಎತ್ತುವುದಿಲ್ಲ. ಯೋಜನೆಯ ನೆರವಿನಿಂದ ನಡೆಯುವ ಘಟಕ ಎಂಬ ಫಲಕವೂ ಬಾಗಿಲಲ್ಲಿ ಇರಬೇಕು. ಘಟಕದ ಜಾಗ ಬದಲಿಸಿದರೆ ಬ್ಯಾಂಕಿಗೂ ಯೋಜನೆ ನೋಡಿಕೊಳ್ಳುವ ಕಚೇರಿಗೂ ಲಿಖಿತವಾಗಿ ತಿಳಿಸಿರಬೇಕು.

ಯೋಜನಾ ವರದಿಯಲ್ಲಿ ಸದಾ ಮರೆಯುವ ಇನ್ನೊಂದು ಬಾಬತ್ತು ಹೆಸ್ಕಾಂ. 10 ಎಚ್‌ಪಿ ಮೋಟರಿಗೆ ತ್ರೀಫೇಸ್ ಬೇಕು. ಊರಿನ ಟ್ರಾನ್ಸ್‌ಫಾರ್ಮರ್ ಮೊದಲೇ ತುಂಬಿದ್ದರೆ ಅದರ ಸಾಮರ್ಥ್ಯ ಹೆಚ್ಚಿಸುವ ಖರ್ಚು ಅರ್ಜಿದಾರರ ತಲೆಗೆ ಬರಬಹುದು. ಠೇವಣಿ, ಕಂಬ, ತಂತಿ ಎಲ್ಲ ಸೇರಿ ಕೈಯಿಂದ ಹೋಗುವ ಈ ಹಣ ಕೊನೆಗೆ ಮಾಲಿನ 3 ಲಕ್ಷದಿಂದಲೇ ಕೀಳುತ್ತಾರೆ. ಅರ್ಜಿ ಹಾಕುವ ಮುಂಚೆ ಸೆಕ್ಷನ್ ಆಫೀಸಿನಲ್ಲಿ ಲೋಡ್ ಇದೆಯೇ ಎಂದು ಕೇಳಿ, ಅಂದಾಜು ಪಟ್ಟಿ ಪಡೆದು ಯೋಜನಾ ವೆಚ್ಚದಲ್ಲಿ ಸೇರಿಸಬೇಕು.

ಬ್ಯಾಂಕಿನ ಬಾಗಿಲಲ್ಲಿ ಏನಾಗುತ್ತದೆ ಎಂಬುದಕ್ಕೆ ಬರೋಣ. ಸಣ್ಣ ಉದ್ದಿಮೆಯ ಸಾಲದ ಅರ್ಜಿ ಕೊಟ್ಟಾಗ ಕ್ರಮಸಂಖ್ಯೆ ಇರುವ ಸ್ವೀಕೃತಿ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ‘ಇಟ್ಟು ಹೋಗಿ, ನೋಡೋಣ’ ಎಂಬ ಮಾತಿಗೆ ಒಪ್ಪಿದರೆ ಆ ಅರ್ಜಿ ಲೆಕ್ಕದಲ್ಲೇ ಇರುವುದಿಲ್ಲ. 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂಬ ನಿಯಮ 2010ರಲ್ಲೇ ಬಂದಿದೆ. ಹಾಗಿದ್ದೂ ಮನೆಯ ಉತಾರ ತನ್ನಿ, ಠೇವಣಿ ಇಡಿ ಎಂಬ ಮಾತು ನಿಂತಿಲ್ಲ. ಇಂಥ ಸಾಲಕ್ಕೆ ಖಾತರಿ ನಿಲ್ಲುವ ಸರ್ಕಾರದ ಗ್ಯಾರಂಟಿ ಟ್ರಸ್ಟ್ ಇರುವುದು ಬ್ಯಾಂಕಿನ ನಷ್ಟ ತುಂಬಲು. ಅದರಿಂದ ಸಾಲಗಾರನ ಸಾಲ ಮನ್ನಾ ಆಗುವುದಿಲ್ಲ. ‘ಗ್ಯಾರಂಟಿ ಐತಿ, ಕಟ್ಟದಿದ್ರೂ ನಡೀತದ’ ಎಂದು ತಿಳಿದವರು ಸಿಬಿಲ್ (ಸಾಲ ತೀರಿಸಿದ ದಾಖಲೆ) ಕೆಡಿಸಿಕೊಂಡು ಮುಂದೆ ಟ್ರ್ಯಾಕ್ಟರ್ ಸಾಲಕ್ಕೂ ಅಲೆಯುತ್ತಾರೆ. ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ಅರ್ಜಿಗೆ ಎರಡು ತಿಂಗಳು ಮುಂಚೆ ತೆಗೆಸಿ ನೋಡಿ: ಮುಗಿದ ಮೈಕ್ರೋಫೈನಾನ್ಸ್ ಸಾಲ ಇನ್ನೂ ಚಾಲ್ತಿ ಎಂದು ತೋರಿಸುವುದು, ಯಾರಿಗೋ ಹಾಕಿದ ಜಾಮೀನು ಕಾಣಿಸುವುದು ಸಾಮಾನ್ಯ. ಹಳೆಯ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಇದ್ದವರು ಪೋರ್ಟಲ್‌ನಲ್ಲಿ ಬ್ಯಾಂಕಿನ ಹೆಸರು, ಐಎಫ್‌ಎಸ್‌ಸಿ ಕೋಡ್ ಇನ್ನೊಮ್ಮೆ ತಾಳೆ ನೋಡಬೇಕು. 2025ರ ಮೇ 1ರಿಂದ ಅದು ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿದೆ. ಧಾರವಾಡದಿಂದ ಒಂದು ಕೇಂದ್ರ ಕಚೇರಿ ಹೋದದ್ದರ ಬೇಸರ ಬೇರೆ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ‘ಅರ್ಜಿದಾರರಿಗೆ ಆಸಕ್ತಿ ಇಲ್ಲ’ ಎಂದು ಹಾಕಿದ್ದರೆ ಅಂದೇ ಲಿಖಿತವಾಗಿ ಆಕ್ಷೇಪಿಸಬೇಕು. ಮೊದಲು ಬ್ಯಾಂಕಿಗೆ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪರಿಹಾರ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ವ್ಯಾವಹಾರಿಕ ತೀರ್ಮಾನ, ಅದನ್ನು ಒಂಬುಡ್ಸ್‌ಮನ್ ಪ್ರಶ್ನಿಸುವುದಿಲ್ಲ. ‘ಸಾಲ ಕೊಡಲಿಲ್ಲ’ ಎಂದು ಬರೆದರೆ ದೂರು ವಜಾ. ‘ಸ್ವೀಕೃತಿ ಕೊಡಲಿಲ್ಲ, ಕಾರಣ ತಿಳಿಸಲಿಲ್ಲ, ನಿಯಮ ಮೀರಿ ಅಡಮಾನ ಕೇಳಿದರು’ ಎಂದು ಬರೆದರೆ ನಿಲ್ಲುತ್ತದೆ.

ಸಣ್ಣ ಮೊತ್ತದ ಯೋಜನೆಗಳಲ್ಲಿ ಬೀದಿ ವ್ಯಾಪಾರಿಗಳ ಸ್ವನಿಧಿಯೇ ನಮ್ಮ ದೃಷ್ಟಿಯಲ್ಲಿ ಸರಿಯಾದ ದಾರಿ ಹಿಡಿದದ್ದು. 2020ರಲ್ಲಿ 10, 20, 50 ಸಾವಿರ ಎಂದು ಶುರುವಾಗಿ, 2025ರಲ್ಲಿ ಮೊದಲೆರಡು ಹಂತ 15 ಮತ್ತು 25 ಸಾವಿರಕ್ಕೆ ಏರಿ, 2030ರ ಮಾರ್ಚ್‌ವರೆಗೆ ಮುಂದುವರಿದಿದೆ. ಸಮಯಕ್ಕೆ ಕಟ್ಟಿದರೆ ಶೇ 7 ಬಡ್ಡಿ ವಾಪಸು. ಹುಬ್ಬಳ್ಳಿಯ ದುರ್ಗದ ಬೈಲಿನ ವ್ಯಾಪಾರಿಗೆ ಬೇಕಾದದ್ದು ಮಾಲಿನ ಹಣ, ಇದು ಕೊಡುವುದೂ ಅದನ್ನೇ. ಇದರಲ್ಲಿ ಯುಪಿಐ ಬಳಸಿದರೆ ಕ್ಯಾಶ್‌ಬ್ಯಾಕ್ ಇದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಅದೇ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು, ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಬೋರ್ಡು ಹಾಕಿದರು. ಒಂದು ಸರ್ಕಾರ ಬೆನ್ನು ತಟ್ಟಿದ್ದಕ್ಕೆ ಇನ್ನೊಂದು ಕಿವಿ ಹಿಂಡಿದಂತಾಯಿತು. ಸರಕಿನ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಬರೀ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾರುವವರಿಗೆ ನೋಂದಣಿಯೇ ಬೇಡ. ಇದನ್ನು ಸಾಲದ ಮಂಜೂರಾತಿ ಪತ್ರದ ಜೊತೆಗೇ ಕನ್ನಡದಲ್ಲಿ ಒಂದು ಚೀಟಿಯಾಗಿ ಕೊಟ್ಟಿದ್ದರೆ ಅರ್ಧ ಗಾಬರಿ ತಪ್ಪುತ್ತಿತ್ತು.

2023ರ ಸೆಪ್ಟೆಂಬರ್ 17ರಂದು ಕೈಕಸುಬಿನವರಿಗಾಗಿ ಶುರುವಾದ ಪಿಎಂ ವಿಶ್ವಕರ್ಮದಲ್ಲಿ ಶೇ 5ರ ಬಡ್ಡಿ, ಸಲಕರಣೆಗೆ 15 ಸಾವಿರದ ವೋಚರ್, ತರಬೇತಿಯಲ್ಲಿ ದಿನಕ್ಕೆ 500 ಭತ್ಯೆ. ಮೊದಲ ಸಾಲ 1 ಲಕ್ಷ, 18 ತಿಂಗಳಲ್ಲಿ ತೀರಿಸಬೇಕು. ಕಂತು ಸುಮಾರು 5,780. ಬಡ್ಡಿ ಕಡಿಮೆ ಸರಿ, ಅವಧಿ ಗಿಡ್ಡ. ದಸರಾ-ದೀಪಾವಳಿ, ಲಗ್ನದ ಸೀಸನ್ನಿನಲ್ಲಿ ದುಡಿದು ಆಷಾಢದಲ್ಲಿ ಕೈಕಟ್ಟಿ ಕೂರುವ ದರ್ಜಿಗೆ ಪ್ರತಿ ತಿಂಗಳೂ ಅದೇ ಕಂತು ಭಾರ. ಪಟ್ಟಿಯಲ್ಲಿರುವ 18 ಕಸುಬುಗಳಲ್ಲಿ ಕೈಮಗ್ಗ ನೇಕಾರಿಕೆ ಇಲ್ಲ. ಬೆಟಗೇರಿಯ ಸೀರೆ, ನವಲಗುಂದದ ಜಮಖಾನ ನೇಯುವವರು ಜವಳಿ ಇಲಾಖೆಯ ಬೇರೆ ಬಾಗಿಲು ತಟ್ಟಬೇಕು.

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಲೇಥ್ ಮತ್ತು ಮಷಿನಿಂಗ್ ಶಾಪುಗಳದ್ದೂ ಮಾಲಿನ ಹಣದ ಕೊರಗೇ, ವೇಷ ಬೇರೆ. ದೊಡ್ಡ ಕಂಪನಿಗೆ ಜಾಬ್‌ವರ್ಕ್ ಮಾಡಿಕೊಟ್ಟು 90, 120 ದಿನ ಕಾಯುವುದು. 2006ರ ಸಣ್ಣ ಉದ್ದಿಮೆಗಳ ಕಾಯ್ದೆ ಪ್ರಕಾರ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಕಲಂ ಬಂದ ಮೇಲೆ, ಗಡುವು ಮೀರಿದ ಬಿಲ್ಲನ್ನು ಖರೀದಿದಾರರು ಹಣ ಪಾವತಿಸಿದ ವರ್ಷದಲ್ಲೇ ಖರ್ಚು ಹಾಕಿಕೊಳ್ಳಬೇಕು. ಮಾರ್ಚ್‌ನಲ್ಲಿ ಬಾಕಿ ಬೇಗ ಬರುತ್ತಿರುವುದು ಇದೇ ಕಾರಣಕ್ಕೆ. ಈ ರಕ್ಷಣೆಗೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಬೇಕು, ಅದೂ ಮಾಲು ಕೊಡುವ ಮುಂಚೆಯೇ ಆಗಿದ್ದರೆ ವಕೀಲರಿಗೆ ಕೆಲಸ ಕಡಿಮೆ. ನೋಂದಣಿ ಪೂರ್ತಿ ಉಚಿತ. ಎರಡು-ಮೂರು ಸಾವಿರ ಕೇಳುವ ವೆಬ್‌ಸೈಟುಗಳು ಸರ್ಕಾರದ್ದಲ್ಲ. ಚಟುವಟಿಕೆಯನ್ನು ‘ವ್ಯಾಪಾರ’ ಎಂದು ತಪ್ಪಾಗಿ ಆರಿಸಿದರೆ ತಡಪಾವತಿಯ ರಕ್ಷಣೆ ಸಿಗುವುದಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸುವುದು ಖರ್ಚಿಲ್ಲದ ಕೆಲಸ, ಖರೀದಿದಾರರ ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುತ್ತದೆ.

ಪಿಎಂಇಜಿಪಿಗೆ 2022ರಲ್ಲಿ ಕೊಟ್ಟ ಮಂಜೂರಾತಿ 2025-26ರವರೆಗಿನದು. ಮುಂದಿನ ಅವಧಿಯ ನಿಯಮಗಳಲ್ಲಿ ಸಬ್ಸಿಡಿ ಶೇಕಡಾವಾರು ಏರಿಸಿ ಎಂದು ನಾವು ಕೇಳುವುದಿಲ್ಲ. ಇದ್ದಷ್ಟೇ ಇರಲಿ. ಮಾಲಿನ ಹಣ ಸಿ.ಸಿ. ಆಗಿಯೇ ಕೊಡಬೇಕು, ಸುಗ್ಗಿಗೆ ತಕ್ಕಂತೆ ಮಿತಿ ಏರಿಳಿಯಬೇಕು, ಬಟವಾಡೆ ದಿನದಿಂದ ಸಬ್ಸಿಡಿ ಭಾಗಕ್ಕೆ ಬಡ್ಡಿ ನಿಲ್ಲಬೇಕು, ನಡೆಯುತ್ತಿರುವ ಸಣ್ಣ ಘಟಕಕ್ಕೂ ಮೊದಲ ಸಾಲದ ಅವಕಾಶ ಇರಬೇಕು. 2025ರ ಕೇಂದ್ರ ಬಜೆಟ್‌ನಲ್ಲಿ ಉದ್ಯಮ್ ನೋಂದಣಿ ಇರುವ ಅತಿಸಣ್ಣ ಉದ್ದಿಮೆಗಳಿಗೆ 5 ಲಕ್ಷದ ಕ್ರೆಡಿಟ್ ಕಾರ್ಡ್ ಘೋಷಿಸಿದ್ದರು. ಮಾಲಿನ ಹಣಕ್ಕೆ ಅದೇ ಸುಲಭದ ದಾರಿ. ಶಾಖೆಯಲ್ಲಿ ಕೇಳಿದರೆ ‘ಸುತ್ತೋಲೆ ಬಂದಿಲ್ಲ’ ಎಂಬ ಉತ್ತರ ಬಾರದಂತೆ ನೋಡಿಕೊಳ್ಳಬೇಕು.

ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಕೇಂದ್ರ ಸಂಪುಟದಲ್ಲಿದ್ದಾರೆ. ಹಾವೇರಿ-ಗದಗ ಭಾಗದ ಸಂಸದ ಬಸವರಾಜ ಬೊಮ್ಮಾಯಿ ಹಿಂದೆ ರಾಜ್ಯದ ಬಜೆಟ್ ಮಂಡಿಸಿದವರು. ಕೇಂದ್ರದ ಯೋಜನೆಗಳ ಪರಿಶೀಲನೆಗೆ ಜಿಲ್ಲೆಗಳಲ್ಲಿ ಸಂಸದರ ಅಧ್ಯಕ್ಷತೆಯ ದಿಶಾ ಸಭೆ ಇದೆ. ಅಲ್ಲಿ ಓದುವ ಪಟ್ಟಿಯಲ್ಲಿ ಗುರಿ ಎಷ್ಟು, ಮಂಜೂರಾತಿ ಎಷ್ಟು, ಶೇಕಡಾ ಎಷ್ಟು ಎಂಬ ಮೂರೇ ಕಾಲಂ. ಇನ್ನು ಮೂರು ಕಾಲಂ ಸೇರಿಸಲು ಅವರು ಅಧಿಕಾರಿಗಳಿಗೆ ಹೇಳಲಿ: ಮಂಜೂರಾದವರಲ್ಲಿ ಎಷ್ಟು ಜನಕ್ಕೆ ಸಿ.ಸಿ. ಸಿಕ್ಕಿತು, ಬಟವಾಡೆಯಿಂದ ಸಬ್ಸಿಡಿ ಠೇವಣಿಯವರೆಗೆ ಶಾಖೆವಾರು ಎಷ್ಟು ದಿನ ಹಿಡಿಯಿತು, ಮೂರು ವರ್ಷದ ಪರಿಶೀಲನೆಯಲ್ಲಿ ನಡೆಯುತ್ತಿದ್ದ ಘಟಕಗಳೆಷ್ಟು. ಈ ಅಂಕಿಗಳೆಲ್ಲ ಬ್ಯಾಂಕುಗಳ ಕಂಪ್ಯೂಟರಿನಲ್ಲಿ ಈಗಾಗಲೇ ಇವೆ.

– ಯೋಜನಾ ವರದಿ ಹಾಗೂ ತೆರಿಗೆ ಸಲಹೆಯ ಕೆಲಸದಲ್ಲಿರುವ ಕೆಲವರು, ಹುಬ್ಬಳ್ಳಿ, ಗದಗ ಮತ್ತು ಹಾವೇರಿ